ಮುಗುಡಿನ ಮೊಟ್ಟೆ ಯಾಕೆ ಬೆಳ್ಳಗಾಯಿತು?

ಪ್ರಶ್ನೆ: ನಮ್ಮದು ಉಡುಪಿ ಹತ್ತಿರ ಹಿರಿಯಡಕ ಬದಿ. ಎರಡು ಎಕರೆ ಅಡಿಕೆ, ಸ್ವಲ್ಪ ಬೈಲುಗದ್ದೆ, ಒಂದು ಹಳೆಯ ಮದಗ (ಸಣ್ಣ ಕೆರೆ) ಉಂಟು. ಕಳೆದ ವರ್ಷ ಉಬರಿಗೆ, ಅಂದರೆ ಮೊದಲ ಮಳೆಯ ಹೊಸ ನೀರಿಗೆ, ಹತ್ತಿದ ಮುಗುಡು (ನಾಡ ಕ್ಯಾಟ್‌ಫಿಶ್) ಮೀನುಗಳನ್ನು ಹಿಡಿದು ತೊಟ್ಟಿಯಲ್ಲಿ ಸಾಕಿದ್ದೆ. ಈ ಮೇ ಎರಡನೇ ವಾರ ಅವುಗಳಿಂದ ಮರಿ ಮಾಡಿಸಲು ನೋಡಿದೆ. ಸ್ನೇಹಿತನಿಂದ ಹಾರ್ಮೋನ್ ತಂದು ಸಂಜೆ ಏಳಕ್ಕೆ ನಾಲ್ಕು ಹೆಣ್ಣಿಗೂ ಗಂಡಿಗೂ ಚುಚ್ಚಿದೆ. ಮರುದಿನ ಮಧ್ಯಾಹ್ನ ಮದುವೆ ಊಟ ಇತ್ತು, ಬಂದು ಮೂರೂವರೆಗೆ ಹೊಟ್ಟೆ ಒತ್ತಿದೆ. ಕೈ ಇಟ್ಟ ಕೂಡಲೇ ಮೊಟ್ಟೆ ನೀರಿನೊಟ್ಟಿಗೆ ಸುರಿಯಿತು. ಲೋಳೆ ಹೋಗಲಿ ಎಂದು ಒಮ್ಮೆ ತೊಳೆದು, ಗಂಡಿನ ಹೊಟ್ಟೆ ಸೀಳಿ ತೆಗೆದ ಬೀಜ ಅರೆದು ಬೆರೆಸಿದೆ. ತಗಡಿನ ಶೀಟಿನ ಕೆಳಗೆ ನೀಲಿ ಡ್ರಮ್ಮಿನ ಅರ್ಧದಲ್ಲಿ ಬಾವಿ ನೀರು ಹಾಕಿ ಬಿಟ್ಟೆ. ರಾತ್ರಿ ಒಂದೂವರೆಗೆ ನೋಡಿದರೆ ಮುಕ್ಕಾಲು ಪಾಲು ಬೆಳ್ಳಗೆ. ಬೆಳಿಗ್ಗೆ ಹತ್ತಿಯ ಹಾಗೆ ಬೂಸ್ಟು. ಅಷ್ಟರಲ್ಲೂ ನಾನೂರರಷ್ಟು ಮರಿ ಬಂತು, ಅದರಲ್ಲಿ ಅರುವತ್ತು ಎಪ್ಪತ್ತು ಬಾಲ ಸೊಟ್ಟ, ಇದ್ದಲ್ಲೇ ಸುತ್ತುತ್ತಿದ್ದವು. ಆರನೇ ದಿನಕ್ಕೆ ಒಂದೂ ಇಲ್ಲ. ಮುಗುಡು ಮೊದಲ ಗುಡುಗು ಕೇಳದೆ ಮೊಟ್ಟೆ ಇಡುವುದಿಲ್ಲ, ಇಂಜೆಕ್ಷನ್ ಮೊಟ್ಟೆಗೆ ಜೀವ ಇರುವುದಿಲ್ಲ ಎಂದು ನೆರೆಯವರು ಹೇಳುತ್ತಾರೆ. ಹಾರ್ಮೋನ್ ಮೀನು ತಿನ್ನಬಾರದು ಎಂದು ಹೆಂಡತಿ. ಮೊಟ್ಟೆಯ ಆಸೆಗೆ ಗಂಡು ಮೀನನ್ನು ಸೀಳುವುದು ಸರಿಯಲ್ಲ ಎಂದು ತಂದೆ. ಪೇಟೆಯ ಒಬ್ಬರು ಮುಗುಡಿನ ಮರಿಯನ್ನೇ ಅಗ್ಗಕ್ಕೆ ತಂದುಕೊಡುತ್ತೇನೆ, ಆರು ತಿಂಗಳಲ್ಲಿ ಒಂದು ಕಿಲೋ ಬರುತ್ತದೆ ಎನ್ನುತ್ತಾರೆ. ಈ ಕಾರ್ತೆಲಿನಲ್ಲಿ (ಮಳೆ ಶುರುವಾಗುವ ತುಳು ತಿಂಗಳು) ಇನ್ನೊಮ್ಮೆ ನೋಡಬಹುದೇ, ಬಿಟ್ಟುಬಿಡಲೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗಂಟೆ ಗಂಟೆಯ ಲೆಕ್ಕ ಬರೆದದ್ದರಿಂದ ನನ್ನ ಕೆಲಸ ಅರ್ಧ ಹಗುರವಾಯಿತು. ಸಾಮಾನ್ಯವಾಗಿ ಜನ "ಮೊಟ್ಟೆ ಹಾಳಾಯಿತು, ಯಾಕೆ?" ಎಂದಷ್ಟೇ ಕೇಳುತ್ತಾರೆ. ನಿಮ್ಮ ನಿಜವಾದ ಚಿಂತೆ ಹೀಗೆಂದು ನಾನು ತಿಳಿದಿದ್ದೇನೆ: ಮನೆಯ ತೊಟ್ಟಿಯಲ್ಲಿ ಮುಗುಡಿನ ಮರಿ ಮಾಡುವುದು ಆಗದ ಕೆಲಸವೋ, ಅಥವಾ ನಿಮ್ಮ ಕೈಯಲ್ಲಿ ಏನೋ ತಪ್ಪಿತೋ? ಆಗುವ ಕೆಲಸವೇ. ತಪ್ಪಿದ್ದು ಒಂದು ಕಡೆಯಲ್ಲ, ಮೂರು ನಾಲ್ಕು ಕಡೆ. ಹಾರ್ಮೋನಿನದ್ದು ಮಾತ್ರ ಏನೂ ತಪ್ಪಿಲ್ಲ, ಅದು ತನ್ನ ಕೆಲಸ ಸರಿಯಾಗಿ ಮಾಡಿದೆ. ನೀವು ಅದಕ್ಕೆ ಹೊತ್ತು ಸರಿಯಾಗಿ ಕೊಡಲಿಲ್ಲ.

ಮೊದಲು ಗುಡುಗಿನ ವಿಷಯ. ನೆರೆಯವರು ಕಂಡದ್ದು ಸುಳ್ಳಲ್ಲ. ಮೇ ಕೊನೆಯ ಪತ್ತನಾಜೆ ಕಳೆದು ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ತೋಡಿನಿಂದ ಗದ್ದೆಗೆ ಮುಗುಡು ಹತ್ತುವುದನ್ನು ನಾವೆಲ್ಲ ಟಾರ್ಚ್ ಹಿಡಿದು ನೋಡಿದವರೇ. ಆದರೆ ಆ ರಾತ್ರಿ ಗುಡುಗಿನ ಜೊತೆಗೆ ಇನ್ನೂ ಏನೇನೋ ಬರುತ್ತದೆ. ಕಾದ ನೀರು ಒಮ್ಮೆಲೇ ತಣಿಯುತ್ತದೆ, ಹೊಸ ನೀರು ಹರಿದು ಬರುತ್ತದೆ, ನೆನೆದ ಮಣ್ಣಿನ ಸತ್ವ ಅದರಲ್ಲಿ ಕರಗಿರುತ್ತದೆ, ಮೊಣಕಾಲು ಮುಳುಗದಷ್ಟು ನೀರಿನ ಹೊಸ ಜಾಗ ಸಿಗುತ್ತದೆ. ಮೀನಿನ ಮೆದುಳು ಇವನ್ನೆಲ್ಲ ಕೂಡಿಸಿ "ಇನ್ನು ಇಡಬಹುದು" ಎಂಬ ತೀರ್ಮಾನಕ್ಕೆ ಬರುತ್ತದೆ. ತೊಟ್ಟಿಯಲ್ಲಿ ಸಾಕಿದ ಹೆಣ್ಣಿಗೆ ಒಳ್ಳೆಯ ಆಹಾರ ಸಿಕ್ಕರೆ ಮೊಟ್ಟೆ ತುಂಬಿಕೊಳ್ಳುತ್ತದೆ, ಹೊಟ್ಟೆ ಉಬ್ಬುತ್ತದೆ. ಆದರೆ ಕೊನೆಯ ಅಪ್ಪಣೆ ಮಾತ್ರ ಬರುವುದಿಲ್ಲ. ಮೊಟ್ಟೆ ಅಲ್ಲೇ ನಿಲ್ಲುತ್ತದೆ, ಕಾಲ ಕಳೆದರೆ ದೇಹವೇ ಅದನ್ನು ಹೀರಿಕೊಂಡುಬಿಡುತ್ತದೆ.

ಆ ಅಪ್ಪಣೆಯನ್ನು ತಡೆದು ಹಿಡಿಯುವುದು ಮೆದುಳಿನಲ್ಲೇ ಇರುವ ಡೋಪಮಿನ್ ಎಂಬ ವಸ್ತು. ನೀವು ತಂದ ಬಾಟಲಿಯಂಥವುಗಳಲ್ಲಿ ಎರಡು ಅಂಶ ಇರುತ್ತವೆ. ಒಂದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ "ಬಿಡು" ಎಂದು ಹೇಳುವ ಹಾರ್ಮೋನಿನ ಪ್ರತಿರೂಪ, ಇನ್ನೊಂದು ಆ ಡೋಪಮಿನ್ ಬ್ರೇಕನ್ನು ಸಡಿಲಿಸುವ ಔಷಧ. ಮೀನು ತನ್ನದೇ ಹಾರ್ಮೋನನ್ನು ತಾನೇ ಬಿಡುತ್ತದೆ, ಹೊರಗಿನಿಂದ ಜೀವವನ್ನು ಯಾರೂ ತುಂಬುವುದಿಲ್ಲ, ತೆಗೆಯುವುದೂ ಇಲ್ಲ. ನಮ್ಮ ದೇಶದಲ್ಲಿ ಈ ದಾರಿ ತೆರೆದದ್ದು 1957ರ ಜುಲೈ 10ರಂದು. ಹೀರಾಲಾಲ್ ಚೌಧುರಿ ಮತ್ತು ಆಲಿಕುಂಞಿ ಅವರು ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದರು. ಜುಲೈ 10 ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ. ಇವತ್ತು ಮಂಗಳೂರು, ಉಡುಪಿ ಮಾರುಕಟ್ಟೆಗೆ ಐಸ್ ಪೆಟ್ಟಿಗೆಯಲ್ಲಿ ಬರುವ ಸಾಕಿದ ರೋಹು, ಕಾಟ್ಲಾಗಳ ಮೂಲ ಹೆಚ್ಚುಕಡಿಮೆ ಎಲ್ಲವೂ ಇಂಥ "ಇಂಜೆಕ್ಷನ್ ಮೊಟ್ಟೆ"ಯೇ. ನಿಮ್ಮ ಮನೆಯವರಿಗೆ ಇದನ್ನು ಹೇಳಿ: ಸೂಜಿ ತಾಗುವುದು ತಾಯಿಗೆ, ತಂದೆಗೆ. ಮುಂದೆ ಸಾಕಿ ತಿನ್ನುವ ಮರಿಗೆ ಹಾರ್ಮೋನ್ ಮುಟ್ಟಿಯೇ ಇರುವುದಿಲ್ಲ. ಚುಚ್ಚಿದ ಮೀನನ್ನು ಆ ಮಳೆಗಾಲಕ್ಕೆ ಅಡುಗೆಮನೆಗೆ ಕಳಿಸಬೇಡಿ, ಅಷ್ಟು ಸಾಕು.

ಇನ್ನು ನಿಮ್ಮ ಗಡಿಯಾರಕ್ಕೆ ಬರೋಣ. ನೀರು 27, 28 ಡಿಗ್ರಿ ಇದ್ದರೆ ಚುಚ್ಚಿ ಸುಮಾರು 16, 17 ಗಂಟೆಗೆ ಮುಗುಡಿನ ಮೊಟ್ಟೆ ಒತ್ತಲು ಹದವಾಗುತ್ತದೆ. ನೀವು ಒತ್ತಿದ್ದು ಇಪ್ಪತ್ತೂವರೆ ಗಂಟೆಗೆ. ಅದೂ ಮೇ ತಿಂಗಳಲ್ಲಿ, ತಗಡಿನ ಕೆಳಗೆ. ನೀವು ಉಷ್ಣತೆ ಬರೆದಿಲ್ಲ, ಆದರೆ ಅಂಥ ಶೀಟಿನ ಕೆಳಗಿನ ಡ್ರಮ್ಮಿನ ನೀರನ್ನು ನಾನು ಮಧ್ಯಾಹ್ನ ಮೂರಕ್ಕೆ ಅಳೆದದ್ದುಂಟು, 33 ಡಿಗ್ರಿ ದಾಟಿತ್ತು. ನೀರು ಬಿಸಿಯಾದಷ್ಟೂ ಮೊಟ್ಟೆ ಬೇಗ ಹದಕ್ಕೆ ಬರುತ್ತದೆ. ಹಾಗಾಗಿ ನಿಮ್ಮ ಮೀನು ಹದವಾದದ್ದು ಬೆಳಿಗ್ಗೆಯೇ ಇರಬೇಕು. ನೀವು ಮದುವೆ ಊಟಕ್ಕೆ ಕೂತಾಗ ಹೊಟ್ಟೆಯೊಳಗೆ ಮೊಟ್ಟೆ ಹದ ಮೀರುತ್ತಿತ್ತು. "ಕೈ ಇಟ್ಟ ಕೂಡಲೇ ನೀರಿನೊಟ್ಟಿಗೆ ಸುರಿಯಿತು" ಎಂಬ ನಿಮ್ಮ ಮಾತೇ ಸಾಕ್ಷಿ. ಹದವಾದ ಮೊಟ್ಟೆ ಮೆಲ್ಲಗೆ ಒತ್ತಿದರೆ ಬಿಡಿಬಿಡಿಯಾಗಿ, ಹಾಲು ಹಾಕದ ಚಹಾದ ಬಣ್ಣದಲ್ಲಿ, ಒಂದೇ ಗಾತ್ರದಲ್ಲಿ ಬರುತ್ತದೆ, ಜೊತೆಗೆ ನೀರು ಬರುವುದಿಲ್ಲ.

ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ನಾನು ಈ ಕೆಲಸಕ್ಕೆ ಸೇರಿದ ಎರಡನೇ ವರ್ಷ ರಾತ್ರಿ ಭೂತದ ನೇಮ ನೋಡಲು ಹೋಗಿ, ಬೆಳಿಗ್ಗೆ ಹೋಗಬೇಕಾದ ಹೊತ್ತಿಗಿಂತ ಮೂರು ಗಂಟೆ ತಡವಾಗಿ ತೊಟ್ಟಿಯ ಹತ್ತಿರ ಬಂದಿದ್ದೆ. ಆರು ಹೆಣ್ಣಿನ ಮೊಟ್ಟೆ. ಬದುಕಿದ ಮರಿಗಳನ್ನು ಒಂದು ಬೋಗುಣಿಯಲ್ಲಿ ಎಣಿಸಿ ಮುಗಿಸಿದೆ. ಹಿರಿಯರೊಬ್ಬರು ಏನೂ ಬೈಯದೆ ನನ್ನ ಕೈಗೆ ಒಂದು ಅಲಾರಾಂ ಗಡಿಯಾರ ಕೊಟ್ಟರು. ಅದು ಈಗಲೂ ಮನೆಯಲ್ಲುಂಟು, ನಡೆಯುವುದಿಲ್ಲ.

ಎರಡನೆಯದು ತೊಳೆದದ್ದು. ಇದು ನೋಡಲು ಸಣ್ಣ ವಿಷಯ, ನಿಮ್ಮ ಮುಕ್ಕಾಲು ಪಾಲು ಮೊಟ್ಟೆ ಹೋದದ್ದರಲ್ಲಿ ಇದರ ಪಾಲು ದೊಡ್ಡದು. ಮೀನಿನ ಮೊಟ್ಟೆಯ ಸಿಪ್ಪೆಯಲ್ಲಿ ಒಂದೇ ಒಂದು ಸೂಕ್ಷ್ಮ ರಂಧ್ರ ಇರುತ್ತದೆ, ಮೈಕ್ರೋಪೈಲ್ ಎನ್ನುತ್ತಾರೆ. ಗಂಡಿನ ವೀರ್ಯಾಣು ಒಳಹೋಗಲು ಇರುವ ಬಾಗಿಲು ಅದೊಂದೇ. ಮೊಟ್ಟೆಗೆ ನೀರು ತಾಗಿದ ಕ್ಷಣದಿಂದ ಸಿಪ್ಪೆ ಊದಿಕೊಳ್ಳಲು ಶುರುವಾಗುತ್ತದೆ, ಒಂದೆರಡು ನಿಮಿಷದಲ್ಲಿ ಆ ಬಾಗಿಲು ಮುಚ್ಚಿಹೋಗುತ್ತದೆ. ವೀರ್ಯಾಣುವೂ ಹಾಗೆಯೇ, ನೀರು ಸಿಕ್ಕ ಮೇಲೆ ಅದು ಈಜುವುದು ಒಂದೆರಡು ನಿಮಿಷದೊಳಗಿನ ಮಾತು, ಮತ್ತೆ ಸುಸ್ತು. ಹಾಗಾಗಿ ಒಣ ಬೋಗುಣಿ, ಒಣ ಕೈ, ಮೀನಿನ ಹೊಟ್ಟೆಯನ್ನೂ ಬಟ್ಟೆಯಲ್ಲಿ ಒರೆಸಿ ಒಣಗಿಸಿಕೊಂಡೇ ಒತ್ತಬೇಕು. ಗಂಡಿನ ವೃಷಣವನ್ನು ನೀರಿನಲ್ಲಿ ಅರೆಯಬಾರದು. ಮೆಡಿಕಲ್ಲಿನಲ್ಲಿ ಸಿಗುವ ಡ್ರಿಪ್ ಬಾಟಲಿಯ ಉಪ್ಪುನೀರಿನಲ್ಲಿ, ಅಂದರೆ 0.9 ಶೇಕಡಾ ನಾರ್ಮಲ್ ಸಲೈನಿನಲ್ಲಿ ಅರೆಯಬೇಕು, ಅದರಲ್ಲಿ ವೀರ್ಯಾಣು ಈಜದೆ ಸುಮ್ಮನೆ ಕಾಯುತ್ತದೆ. ಅದನ್ನು ಮೊಟ್ಟೆಯ ಮೇಲೆ ಹನಿಸಿ, ಕೋಳಿಗರಿಯಿಂದ ಮೆಲ್ಲಗೆ ಬೆರೆಸಿ, ಆಮೇಲೆ ನೀರು ಸೇರಿಸಿ. ಎರಡಕ್ಕೂ ಒಂದೇ ಹೊತ್ತಿಗೆ ನೀರು ಸಿಗಬೇಕು, ಗುಟ್ಟು ಅಷ್ಟೇ. ತೊಳೆಯುವುದೇನಿದ್ದರೂ ಆಮೇಲೆ.

ಬೆಳ್ಳಗಾದದ್ದು ರೋಗವಲ್ಲ. ಗರ್ಭಗಟ್ಟದ ಮೊಟ್ಟೆ ಸತ್ತಾಗ ಅದರ ಪೊರೆ ಒಳಗಿನದನ್ನು ಹಿಡಿದಿಡಲಾರದು. ಹೊರಗಿನ ನೀರು ನುಗ್ಗುತ್ತದೆ, ಒಳಗಿನ ಲವಣ ತೆಳುವಾಗುತ್ತದೆ, ಆಗ ಹಳದಿಯ ಪ್ರೋಟೀನು ಕರಗಿ ನಿಲ್ಲಲಾರದೆ ಹಾಲು ಒಡೆದಂತೆ ಗಟ್ಟಿಯಾಗಿ ಬೆಳ್ಳಗಾಗುತ್ತದೆ. ಇದು ಆಗಲು ಕೆಲವು ಗಂಟೆ ಬೇಕು, ಅದಕ್ಕೇ ಸಂಜೆ ಎಲ್ಲವೂ ಚೆನ್ನಾಗಿ ಕಂಡದ್ದು ನಡುರಾತ್ರಿ ಬೆಳ್ಳಗೆ ಕಂಡಿತು. ಮೊದಲ ಎರಡು ಮೂರು ಗಂಟೆಯಲ್ಲಿ "ಎಲ್ಲ ಪಾಸು" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹತ್ತು ಗಂಟೆಯ ಹೊತ್ತಿಗೆ ಎಣಿಸಿದ್ದು ಲೆಕ್ಕ. ಹತ್ತಿಯ ಹಾಗೆ ಬಂದದ್ದು ನೀರಿನ ಬೂಸ್ಟು. ಅದು ಮೊದಲು ಹಿಡಿಯುವುದು ಸತ್ತ ಮೊಟ್ಟೆಯನ್ನೇ. ಆದರೆ ಮುಗುಡಿನ ಮೊಟ್ಟೆ ಅಂಟುವ ಜಾತಿ, ಒಂದಕ್ಕೊಂದು ಅಂಟಿ ಗೊಂಚಲಾಗುತ್ತದೆ. ಸತ್ತದ್ದರಿಂದ ಎಳೆ ಬೆಳೆದು ಪಕ್ಕದ ಜೀವಂತ ಮೊಟ್ಟೆಯನ್ನೂ ಸುತ್ತಿ ಉಸಿರು ಕಟ್ಟಿಸುತ್ತದೆ. ನೀವು ಬರೆದಿಲ್ಲ, ಆದರೂ ಹೇಳಿಬಿಡುತ್ತೇನೆ: ಅಕ್ವೇರಿಯಂ ಅಂಗಡಿಯ ಹಸುರು ಔಷಧ, ಮ್ಯಾಲಕೈಟ್ ಗ್ರೀನ್, ತಿನ್ನುವ ಮೀನಿಗೆ ನಿಷಿದ್ಧ, ಮುಟ್ಟಬೇಡಿ. ಅರಸಿನ ನೀರು ಹಾಕುವವರೂ ಇದ್ದಾರೆ. ಅರಸಿನದ ಪುಡಿ ಮೊಟ್ಟೆಯ ಮೇಲೆ ಕೂತು ಇರುವ ಗಾಳಿಯನ್ನೂ ತಡೆಯುತ್ತದೆ. ಮೊಟ್ಟೆಯನ್ನು ಒಂದೇ ಪದರವಾಗಿ ಹರಡುವುದು, ಬೆಳ್ಳಗಾದದ್ದನ್ನು ಹನಿ ಹಾಕುವ ಡ್ರಾಪರಿನಿಂದ ಹೆಕ್ಕುವುದು, ನೀರು ಸಣ್ಣಗೆ ಹರಿಯುತ್ತಿರುವುದು, ಇದಕ್ಕಿಂತ ದೊಡ್ಡ ಮದ್ದಿಲ್ಲ.

ಈಗ ಸೊಟ್ಟ ಬಾಲದ ಮರಿಗಳ ವಿಷಯ. ಇದನ್ನು ತಿಳಿಯಲು ಮೊಟ್ಟೆಯೊಳಗೆ ಆ ಒಂದು ಹಗಲು ರಾತ್ರಿಯಲ್ಲಿ ಏನು ನಡೆಯುತ್ತದೆ ಎಂದು ನೋಡಬೇಕು. ದೊಡ್ಡ ಸೂಕ್ಷ್ಮದರ್ಶಕ ಬೇಕಿಲ್ಲ. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸುವ ಮಸೂರ ಇದ್ದರೆ ಸಾಕು, ಗಾಜಿನ ತಟ್ಟೆಯಲ್ಲಿ ನಾಲ್ಕು ಮೊಟ್ಟೆ ಇಟ್ಟು ಕೆಳಗಿನಿಂದ ಮೊಬೈಲಿನ ಬೆಳಕು ಬಿಡಿ.

ಮೊದಲ ಅರ್ಧ ಗಂಟೆ ಏನೂ ಆದಂತೆ ಕಾಣುವುದಿಲ್ಲ. ಆಮೇಲೆ ಹಳದಿಯ ಒಂದು ಬದಿಯಲ್ಲಿ ತಿಳಿಯಾದ ಸಣ್ಣ ದಿಬ್ಬವೊಂದು ಏಳುತ್ತದೆ. ಜೀವ ಇರುವುದು ಆ ದಿಬ್ಬದಲ್ಲಿ, ಉಳಿದದ್ದೆಲ್ಲ ಬುತ್ತಿ. ಸುಮಾರು ಒಂದು ಗಂಟೆಗೆ ದಿಬ್ಬ ಎರಡಾಗಿ ಸೀಳುತ್ತದೆ, ಮತ್ತೆ ನಾಲ್ಕು, ಎಂಟು, ಹದಿನಾರು. ಮೂರು ನಾಲ್ಕು ಗಂಟೆಗೆ ಎಣಿಸಲು ಆಗದಷ್ಟು ಕೋಶಗಳ ಗುಡ್ಡೆ. ಆರು ಗಂಟೆಯ ಆಸುಪಾಸಿನಲ್ಲಿ ಈ ಗುಡ್ಡೆ ತೆಳ್ಳಗಾಗಿ ಹಳದಿಯ ಮೇಲೆ ಇಳಿಯಲು ಶುರು ಮಾಡುತ್ತದೆ, ಶಿಶುವಿನ ತಲೆಗೆ ಕುಲಾವಿ ಎಳೆದಂತೆ. ಹತ್ತು ಗಂಟೆಯ ಹೊತ್ತಿಗೆ ಕುಲಾವಿ ಪೂರ್ತಿ ಇಳಿದು ಕೆಳಗೆ ಸಣ್ಣ ಬಾಯಿ ಮಾತ್ರ ಉಳಿದಿರುತ್ತದೆ, ಮತ್ತೆ ಅದೂ ಮುಚ್ಚುತ್ತದೆ. ಇಷ್ಟರಲ್ಲೇ ಬೆನ್ನು ಯಾವ ಕಡೆ, ತಲೆ ಯಾವ ಕಡೆ ಎಂಬುದು ತೀರ್ಮಾನವಾಗಿರುತ್ತದೆ. ಹದಿನೈದು ಗಂಟೆಗೆ ಹಳದಿಯ ಸುತ್ತ ಮಲಗಿದ ಗೆರೆಯಂಥ ಮೈ, ಅದರ ಮೇಲೆ ಬಳೆ ಜೋಡಿಸಿಟ್ಟಂತೆ ಮಾಂಸದ ಗಿಣ್ಣುಗಳು, ತಲೆಯಲ್ಲಿ ಎರಡು ಮಸುಕು ಕಣ್ಣಗುಳಿ. ಹದಿನೆಂಟು ಇಪ್ಪತ್ತರ ಹೊತ್ತಿಗೆ ಬಾಲ ಹಳದಿಯಿಂದ ಬಿಡಿಸಿಕೊಂಡು ಮೊದಲ ಸಲ ಮಿಸುಕುತ್ತದೆ. ಹಳದಿ ಚೀಲದ ಅಂಚಿನಲ್ಲಿ ಏನೋ ಹೊಡೆದುಕೊಳ್ಳುವುದು ಕಾಣುತ್ತದೆ, ಅದು ಹೃದಯ. ಆಗಿನ್ನೂ ರಕ್ತಕ್ಕೆ ಬಣ್ಣ ಬಂದಿರುವುದಿಲ್ಲ, ಖಾಲಿ ಬಡಿತ. ಈ ಕೆಲಸದಲ್ಲಿ ಕೂದಲು ಬೆಳ್ಳಗಾದರೂ ಆ ಹೊತ್ತಿಗೆ ಮಸೂರ ಕೆಳಗಿಡಲು ಈಗಲೂ ನನಗೆ ಮನಸ್ಸು ಬರುವುದಿಲ್ಲ. 23ರಿಂದ 26 ಗಂಟೆಯೊಳಗೆ ಬಾಲದಿಂದ ಹೊಡೆದು ಹೊಡೆದು ಸಿಪ್ಪೆ ಒಡೆದು ಹೊರಬರುತ್ತದೆ, ಐದು ಮಿಲಿಮೀಟರಿನಷ್ಟು ಉದ್ದ.

ಈ ಲೆಕ್ಕವೆಲ್ಲ 27, 28 ಡಿಗ್ರಿಯದ್ದು, ಒಂದಿಷ್ಟು ಹಿಂದೆಮುಂದೆ ಆಗುತ್ತದೆ. ನಿಮ್ಮ ಡ್ರಮ್ಮಿನಲ್ಲಿ ಆದದ್ದೇನೆಂದರೆ, ದಿನದ ಅತಿ ಸೆಕೆಯ ಹೊತ್ತಿನಲ್ಲೇ ಮೊಟ್ಟೆ ಸೀಳಲು ಶುರುವಾಗಿ, ಕುಲಾವಿ ಇಳಿಯುವ ಹೊತ್ತಿಗೂ ನೀರು ತಣಿದಿರಲಿಲ್ಲ. ನೀರು 32 ದಾಟಿದರೆ ಕೋಶಗಳು ಅವಸರದಲ್ಲಿ ಒಡೆಯುತ್ತವೆ, ಆದರೆ ಇರಬೇಕಾದ ಜಾಗಕ್ಕೆ ಸರಿಯಾಗಿ ಸರಿಯುವುದಿಲ್ಲ. ಗಿಣ್ಣುಗಳು ಒಂದು ಬದಿಯಲ್ಲಿ ಒತ್ತಾಗಿ, ಇನ್ನೊಂದು ಬದಿಯಲ್ಲಿ ವಿರಳವಾಗಿ ಕೂರುತ್ತವೆ. ಹುಟ್ಟಿದ ಮೇಲೆ ಅದೇ ಸೊಟ್ಟ ಬೆನ್ನು. ಬೆನ್ನು ಸೊಟ್ಟ ಇದ್ದ ಮರಿ ಮುಂದೆ ಹೋಗಲು ಬಾಲ ಬೀಸಿದರೂ ಸುತ್ತುತ್ತದೆ. ಹದ ಮೀರಿದ ಮೊಟ್ಟೆಯಿಂದಲೂ ಇಂಥ ಮರಿ ಬರುತ್ತದೆ. ನಿಮ್ಮಲ್ಲಿ ಎರಡೂ ಸೇರಿಕೊಂಡಿದ್ದವು, ಯಾವುದು ಎಷ್ಟು ಎಂದು ಬೇರ್ಪಡಿಸಲು ಆಗದು. ಇದು ದೈವದ ದೋಷವೂ ಅಲ್ಲ, ಔಷಧದ ಪರಿಣಾಮವೂ ಅಲ್ಲ.

ಬಾವಿ ನೀರಿನ ಬಗ್ಗೆ ನೀವು ಒಂದೇ ಮಾತು ಬರೆದಿದ್ದೀರಿ. ನಮ್ಮ ಕರಾವಳಿಯಲ್ಲಿ ಅದಕ್ಕೆ ಒಂದು ಪುಟ ಬೇಕು. ಮುರಕಲ್ಲಿನ (ಕೆಂಪುಕಲ್ಲಿನ) ನೆಲದ ಬಾವಿ ನೀರು ಕುಡಿಯಲು ಅಮೃತ. ಮೊಟ್ಟೆಗೆ ಮಾತ್ರ ಸ್ವಲ್ಪ ಕಷ್ಟ. ಅದು ಹುಳಿ ಬದಿಯ ನೀರು, ಪಿಎಚ್ ಆರಕ್ಕಿಂತ ಕೆಳಗಿರುವ ಬಾವಿಗಳು ಎಷ್ಟೋ ಉಂಟು, ಸುಣ್ಣದ ಅಂಶವೂ ಕಡಿಮೆ. ಮೊಟ್ಟೆಯ ಸಿಪ್ಪೆ ಗಟ್ಟಿಯಾಗಲು ನೀರಿನಲ್ಲಿ ಒಂದಿಷ್ಟು ಕ್ಯಾಲ್ಸಿಯಂ ಬೇಕು. ಜೊತೆಗೆ ಕಬ್ಬಿಣ. ಎತ್ತಿದಾಗ ಕನ್ನಡಿಯಂತಿದ್ದ ನೀರು ಬಕೆಟಿನಲ್ಲಿ ಒಂದು ರಾತ್ರಿ ಕಳೆದರೆ ತಳದಲ್ಲಿ ತುಕ್ಕಿನ ಬಣ್ಣದ ಕೆಸರು ನಿಲ್ಲುತ್ತದಲ್ಲ, ಅದೇ. ಕಾಪು ಕಡೆಯ ಒಂದು ತೊಟ್ಟಿಯಲ್ಲಿ ಒಮ್ಮೆ ನೋಡಿದೆ, ಮೊಟ್ಟೆಗಳೆಲ್ಲ ಬದುಕಿದ್ದವು, ಬೆಳಗಾಗುವಾಗ ಪ್ರತಿಯೊಂದರ ಮೇಲೂ ಕಂದು ಧೂಳು ಕೂತಿತ್ತು. ಬೆರಳಿನಿಂದ ಒರೆಸಿದರೆ ಕೆಂಪುಕಲ್ಲಿನ ಬಣ್ಣ ಹತ್ತುತ್ತಿತ್ತು. ಮಧ್ಯಾಹ್ನದೊಳಗೆ ಒಳಗಿನ ಭ್ರೂಣಗಳು ಒಂದೊಂದಾಗಿ ನಿಂತುಹೋದವು. ಸಿಪ್ಪೆಯ ಮೂಲಕವೇ ಉಸಿರಾಡುವ ಜೀವಕ್ಕೆ ಆ ಧೂಳೇ ಗೋಡೆಯಾಯಿತು.

ಇದಕ್ಕೆ ಖರ್ಚಿನ ಉಪಾಯ ಬೇಡ. ನೀರನ್ನು ಎರಡು ದಿನ ಮೊದಲೇ ದೊಡ್ಡ ಡ್ರಮ್ಮಿಗೆ ತುಂಬಿ ಗಾಳಿ ಪಂಪು ಬಿಡಿ. ಕಬ್ಬಿಣ ತಳಕ್ಕಿಳಿಯುತ್ತದೆ, ಮೇಲಿನ ನೀರನ್ನು ಮರಳಿನಲ್ಲಿ ಸೋಸಿ. ಆ ಮರಳಿನ ಮೇಲೆ ಚೆನ್ನಾಗಿ ತೊಳೆದು ಒಣಗಿಸಿದ ಮರುವಾಯಿ ಚಿಪ್ಪನ್ನು ಒಡೆದು ಎರಡು ಮುಷ್ಟಿ ಹರಡಿ. ನೀರು ಹುಳಿಯಿದ್ದರೆ ಚಿಪ್ಪು ತಾನಾಗಿ ಸ್ವಲ್ಪ ಸ್ವಲ್ಪ ಕರಗುತ್ತದೆ, ನೀರು ಏಳರ ಹತ್ತಿರ ಬಂದರೆ ತಾನೇ ನಿಲ್ಲಿಸುತ್ತದೆ. ಅಡಿಕೆ ತೋಟಕ್ಕೆ ಹಾಕುವ ಸುಣ್ಣವನ್ನು ತಂದು ನೇರ ಸುರಿಯಬೇಡಿ, ಅದಕ್ಕೆ ನಿಲ್ಲುವುದು ಗೊತ್ತಿಲ್ಲ. ನಗರದ ನಳ್ಳಿ ನೀರಾದರೆ ಕ್ಲೋರಿನ್ ಹೋಗಲು ಅದನ್ನೂ ಹೀಗೆ ಇಡಬೇಕು.

ಆರನೇ ದಿನದ ಸಾವಿಗೆ ಕಾರಣ ಬೇರೆ. ಹೊರಬಂದ ಮರಿ ಮೂರು ದಿನ ತನ್ನ ಹಳದಿ ಚೀಲವನ್ನೇ ಉಣ್ಣುತ್ತದೆ. ನಾಲ್ಕನೇ ದಿನ ಬಾಯಿ ತೆರೆದು ಹೊರಗಿನ ಆಹಾರ ಹುಡುಕುತ್ತದೆ. ಅದಕ್ಕೆ ಬೇಕಾದದ್ದು ಜೀವಂತ ಆಹಾರ, ನೀರುಚಿಗಟ ಎಂಬ ನೀರಿನಲ್ಲಿ ಜಿಗಿಯುವ ಸಣ್ಣ ಜೀವಿಯ ಮರಿಗಳು, ಆರ್ಟೀಮಿಯಾ ಎಂಬ ಉಪ್ಪುನೀರಿನ ಸಣ್ಣ ಸೀಗಡಿ. ತೌಡು, ಹಿಂಡಿಪುಡಿ ಹಾಕಿದರೆ ಅದು ತಳದಲ್ಲಿ ಕೊಳೆತು ಅಮೋನಿಯಾ ಏಳುತ್ತದೆ, ಮರಿ ಹಸಿವಿನಲ್ಲೂ ವಿಷದಲ್ಲೂ ಸಾಯುತ್ತದೆ. ನೀವು ಏನು ಹಾಕಿದಿರಿ ಎಂದು ಬರೆದಿಲ್ಲ, ಆರನೇ ದಿನ ಎಂಬುದನ್ನು ನೋಡಿದರೆ ಇದೇ ಎನಿಸುತ್ತದೆ. ಚುಚ್ಚುವುದಕ್ಕೆ ಒಂದು ವಾರ ಮೊದಲೇ ಇನ್ನೊಂದು ತೊಟ್ಟಿಯಲ್ಲಿ ಸಗಣಿ, ನೆನೆಸಿದ ಕಡಲೆಹಿಂಡಿ ಕದಡಿ, ಮದಗದಿಂದ ನೀರುಚಿಗಟ ಸೋಸಿ ತಂದು ಬಿಟ್ಟರೆ ಹೊತ್ತಿಗೆ ಸರಿಯಾಗಿ ಆಹಾರ ತಯಾರು. ಅಡುಗೆ ಮಾಡಿಟ್ಟು ನೆಂಟರನ್ನು ಕರೆಯುವುದು ಕ್ರಮ ತಾನೆ.

ಇನ್ನೊಂದು ತಪ್ಪು ತಿಳಿವಳಿಕೆ, ಇದನ್ನು ಮೀನು ಸಾಕುವವರಲ್ಲೇ ಹೆಚ್ಚು ಕೇಳುತ್ತೇನೆ: "ಮುಗುಡಲ್ಲವೇ, ಗಾಳಿ ಪಂಪು ಯಾಕೆ, ಕೆಸರಲ್ಲೂ ಬದುಕುತ್ತದೆ." ಬೆಳೆದ ಮುಗುಡು ಬದುಕುತ್ತದೆ, ಅದರ ಕಿವಿರಿನ ಮೇಲೆ ಗಿಡದ ಕೊಂಬೆಯಂಥ ಹೆಚ್ಚಿನ ಉಸಿರಿನ ಅಂಗ ಉಂಟು. ಮರಿಗೆ ಅದು ಕೆಲಸಕ್ಕೆ ಬರುವುದು ಹತ್ತು ಹನ್ನೆರಡು ದಿನ ಕಳೆದ ಮೇಲೆ. ಅಲ್ಲಿಯವರೆಗೆ ಅದೂ ಎಲ್ಲ ಮೀನಿನಂತೆ ನೀರಿನ ಗಾಳಿಯನ್ನೇ ನಂಬಿದೆ. ಮೇಲೆ ಬಂದು ಗಾಳಿ ನುಂಗಲು ಕಲಿಯುವಾಗ ನೀರು ಆಳ ಇದ್ದರೆ ಏರಿ ಇಳಿದು ದಣಿದೇ ಸಾಯುತ್ತದೆ. ಒಂದು ಗೇಣಿಗಿಂತ ಕಡಿಮೆ ನೀರು ಸಾಕು. ಮಳೆಗಾಲದ ಕರೆಂಟು ನಿಮಗೆ ಗೊತ್ತೇ ಉಂಟು, ಬ್ಯಾಟರಿ ಪಂಪು ಒಂದು ಇಟ್ಟುಕೊಳ್ಳಿ. ಮರಿ ಎರಡು ವಾರದ್ದಾದ ಮೇಲೆ ಗಾತ್ರ ನೋಡಿ ಬೇರೆ ಮಾಡಿ, ಇಲ್ಲದಿದ್ದರೆ ದೊಡ್ಡದು ಸಣ್ಣದನ್ನು ತಿನ್ನುತ್ತದೆ.

ನಿಮ್ಮ ತಂದೆಯವರ ಮಾತಿಗೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಗೆಂಡೆ ಮೀನಿನ ಗಂಡನ್ನು ಒತ್ತಿದರೆ ಹಾಲು ಬರುತ್ತದೆ, ಮುಗುಡಿನ ಗಂಡಿನಿಂದ ಹಾಗೆ ಬರುವುದಿಲ್ಲ, ಸೀಳಲೇಬೇಕು. ಶಸ್ತ್ರಕ್ರಿಯೆ ಮಾಡಿ ಒಂದು ತುಂಡು ತೆಗೆದು ಹೊಲಿಯುವವರಿದ್ದಾರೆ, ಮನೆಯಲ್ಲಿ ಅದನ್ನು ಮಾಡಿ ಎಂದು ನಾನು ಹೇಳಲಾರೆ. ತಂದೆಯವರ ಮನಸ್ಸಿಗೆ ನೋವಾಗದ ಇನ್ನೊಂದು ದಾರಿ ಉಂಟು, ಅದು ಹಳೆಯದ್ದೇ. ಬೈಲುಗದ್ದೆಯ ಮೂಲೆಯಲ್ಲಿ ಒಂದು ತುಂಡಿಗೆ ಸುತ್ತ ಬಲೆ ಕಟ್ಟಿ, ಹುಣಿಯ (ಗದ್ದೆಯ ಬದುವಿನ) ಬದಿಯಲ್ಲಿ ಮೊಣಕೈ ಉದ್ದದ ಮಾಟೆಗಳನ್ನು (ಬಿಲಗಳನ್ನು) ತೋಡಿ, ಕಾರ್ತೆಲಿನ ಮಳೆಗೆ ನೀರು ನಿಂತಾಗ ಜೋಡಿಗಳನ್ನು ಬಿಡುವುದು. ಮುಗುಡು ಹುಟ್ಟಾ ಮಾಟೆಯಲ್ಲಿ ಮೊಟ್ಟೆ ಇಟ್ಟು, ಗಂಡು ಕಾವಲು ಕಾಯುವ ಜಾತಿ. ಬೇಕಾದರೆ ಬಿಡುವ ಮೊದಲು ಹಾರ್ಮೋನ್ ಚುಚ್ಚಬಹುದು, ಯಾರನ್ನೂ ಸೀಳುವುದು ಬೇಡ. ಮರಿ ಕಡಿಮೆ ಸಿಗುತ್ತದೆ, ಎಷ್ಟೆಂದು ಎಣಿಸಲೂ ಆಗದು, ನೀರುಹಾವು, ಕೊಕ್ಕರೆಗಳಿಗೂ ಪಾಲು ಹೋಗುತ್ತದೆ. ಒಮ್ಮೆಲೇ ಸಾವಿರಗಟ್ಟಲೆ ಮರಿ ಬೇಕೆಂದಿಲ್ಲದಿದ್ದರೆ ನಿಮ್ಮಂಥವರಿಗೆ ನಾನು ಇದನ್ನೇ ಮೊದಲು ಹೇಳುವುದು.

ತೊಟ್ಟಿಯಲ್ಲೇ ನೋಡಬೇಕೆಂಬ ಹಟ ಇದ್ದರೆ ಅದೂ ತಪ್ಪಲ್ಲ. ಮಳೆ ಹಿಡಿದು ನೀರು ತಣಿದ ಮೇಲೆ, ಒಂದೇ ಹೆಣ್ಣು, ಒಂದು ಅಥವಾ ಎರಡು ಗಂಡು. ಹೆಣ್ಣಿನ ಗುದದ ಹಿಂದಿನ ಗುಬ್ಬಿ (ಜನನಾಂಗದ ಸಣ್ಣ ಉಬ್ಬು) ಗುಂಡಗೆ ಕೆಂಪಾಗಿ, ಹೊಟ್ಟೆ ಮೆತ್ತಗಿರಬೇಕು. ಗಂಡಿನದು ಉದ್ದಕ್ಕೆ ಚೂಪು. ಪ್ರಮಾಣ ಕಿಲೋ ತೂಕಕ್ಕೆ ಒಂದರಿಂದ ಒಂದೂವರೆ ಮಿಲಿಲೀಟರ್, ಅಂದರೆ 150 ಗ್ರಾಮಿನ ಹೆಣ್ಣಿಗೆ 0.15ರಿಂದ 0.2ರ ಸುಮಾರು. ಇನ್ಸುಲಿನ್ ಸಿರಿಂಜು ಇಲ್ಲದೆ ಅಷ್ಟು ಸಣ್ಣ ಅಳತೆ ಸಿಗುವುದಿಲ್ಲ. ಸಂಜೆ ಐದೂವರೆಗೆ ಚುಚ್ಚಿದರೆ ಮರುದಿನ ಬೆಳಿಗ್ಗೆ ಒಂಬತ್ತರಿಂದ ಅರ್ಧರ್ಧ ಗಂಟೆಗೊಮ್ಮೆ ಮೆಲ್ಲಗೆ ಮುಟ್ಟಿ ನೋಡಿ. ಆ ದಿನ ಮದುವೆ, ಗೃಹಪ್ರವೇಶ ಇಟ್ಟುಕೊಳ್ಳಬೇಡಿ. ಇಷ್ಟೆಲ್ಲ ಸರಿಯಾದರೂ ಒಮ್ಮೊಮ್ಮೆ ಅರ್ಧಕ್ಕರ್ಧ ಹೋಗುತ್ತದೆ, ನಮ್ಮಲ್ಲೂ ಹೋಗುತ್ತದೆ. ತಾಯಿ ಮೀನಿಗೆ ಮೂರು ನಾಲ್ಕು ತಿಂಗಳು ಮೊದಲಿನಿಂದ ಒಳ್ಳೆಯ ಆಹಾರ ಸಿಗದಿದ್ದರೆ ನೀರು, ಗಡಿಯಾರ ಎರಡೂ ಸರಿ ಇದ್ದು ಪ್ರಯೋಜನವಿಲ್ಲ. ಮತ್ತೆ ಒಂದು ಬೇಡಿಕೆ: ಉಬರಿಗೆ ಹತ್ತುವ ಮುಗುಡು ಎಂದರೆ ಮೊಟ್ಟೆ ಹೊತ್ತ ಮುಗುಡು. ಪ್ರತಿ ವರ್ಷ ಅಲ್ಲಿಂದಲೇ ತರಬೇಡಿ, ಮರಿ ಆದ ವರ್ಷ ನಾಲ್ಕನ್ನು ತೋಡಿಗೂ ಬಿಡಿ.

ಉಳಿದದ್ದು ಪೇಟೆಯ ಅಗ್ಗದ ಮರಿ. ಇಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ನಮ್ಮ ತೋಡಿನ ಮುಗುಡು ಆರು ತಿಂಗಳಲ್ಲಿ ಒಂದು ಕಿಲೋ ಬರುವುದೇ ಇಲ್ಲ, ನೂರಿನ್ನೂರು ಗ್ರಾಂ ಬಂದರೆ ಹೆಚ್ಚು. ಹಾಗೆ ಬೆಳೆಯುವುದು ಆಫ್ರಿಕದ ಕ್ಯಾಟ್‌ಫಿಶ್, ಇಲ್ಲವೇ ಅದರ ಬೆರಕೆ. ಕೇಂದ್ರ ಸರ್ಕಾರ ಅದರ ಸಾಕಣೆಯನ್ನು 2000ದಲ್ಲೇ ನಿಷೇಧಿಸಿದೆ. ಕಾನೂನು ಬದಿಗಿಟ್ಟರೂ ನಿಮ್ಮ ಮದಗ ಮಳೆಗಾಲದಲ್ಲಿ ತುಂಬಿ ತೋಡಿಗೆ, ತೋಡು ಸ್ವರ್ಣಾ ನದಿಗೆ ಸೇರುವ ಜಾಗದಲ್ಲಿದೆ. ಒಂದು ರಾತ್ರಿಯ ನೆರೆ ಸಾಕು. ಅದು ಸಿಕ್ಕಿದ್ದನ್ನೆಲ್ಲ ತಿನ್ನುವ ಮೀನು, ನಮ್ಮ ಮುಗುಡಿನ ಮರಿಯನ್ನೂ ಬಿಡುವುದಿಲ್ಲ. ಮದಗದಿಂದ ನಾಲ್ಕು ಕಾಸು ಬರಲಿ ಎಂಬುದಷ್ಟೇ ಉದ್ದೇಶವಾದರೆ ರೋಹು, ಕಾಟ್ಲಾ ಬಿತ್ತನೆ ಮರಿ ಹಾಕಿ, ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿದರೆ ಸಿಗುತ್ತದೆ. ಮುಗುಡೇ ಬೇಕೆಂದರೆ ತಾಯಿ ಮೀನು ತೋರಿಸಲು ಒಪ್ಪುವವರ ಹತ್ತಿರ ಮಾತ್ರ ಕೊಳ್ಳಿ.

ಮುಂದಿನ ಸಲ ಬರೆಯುವಾಗ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ನೀರಿನ ಉಷ್ಣತೆ, ಪಿಎಚ್ ಕಾಗದದ ಬಣ್ಣ, ಒತ್ತಿದ ಗಂಟೆ ಇಷ್ಟನ್ನು ಬರೆದು ಕಳಿಸಿ. ಉಳಿದ ಬಾಟಲಿಯ ಮೇಲಿನ ದಿನಾಂಕ ನೋಡಿ, ಕಳೆದಿದ್ದರೆ ಎಸೆಯಿರಿ. ಪೇಟೆಯವರು ಒತ್ತಾಯ ಮಾಡಿದರೆ ಅವರ ಮೀನಿನ ತಲೆಯನ್ನು ಮೇಲಿನಿಂದ ಹಿಡಿದ ಒಂದು ಫೋಟೊ ಕೇಳಿ ಕಳುಹಿಸಿ, ಯಾವ ಜಾತಿ ಎಂದು ನೋಡಿ ಹೇಳುತ್ತೇನೆ.